ಹಳೇ ಏರ್‌ಪೋರ್ಟ್ ರಸ್ತೆಯ ಹಸಿರು ಮೈದಾನ

ಮಸ್ಕಿ ಕಡೆಯ ಸಂತೆಕಲ್ಲೂರಿನ ಹುಡುಗರಿಗೆ ವಿಮಾನವೆಂದರೆ ಮುಗಿಲಲ್ಲಿ ಮೂಡಿ ಕರಗುವ ಬಿಳಿ ಗೆರೆ. ಬೆಂಗಳೂರಿನ ಮುರುಗೇಶಪಾಳ್ಯದವರಿಗೆ ಮಾತ್ರ ಅದು 2008ರ ಮೇ ತನಕ ತಾರಸಿಯ ಮೇಲೇ ಗುಡುಗುತ್ತ ಇಳಿಯುತ್ತಿದ್ದ ನಿತ್ಯದ ನೆಂಟ. ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ತೆರೆದ ಮೇಲೆ ಎಚ್.ಎ.ಎಲ್. ನಿಲ್ದಾಣದ ಪ್ರಯಾಣಿಕರೆಲ್ಲ ಅತ್ತ ಹೋದರು. ಇಲ್ಲಿ ಉಳಿದದ್ದು ‘ಹಳೇ ಏರ್‌ಪೋರ್ಟ್ ರಸ್ತೆ’ ಎಂಬ ಹೆಸರು.

ರನ್‌ವೇಯ ಪಶ್ಚಿಮ ತುದಿಗೂ ಮುನ್ನ ಒಂದು ಗಾಲ್ಫ್ ಮೈದಾನವಿದೆ. 1990ರ ಫೆಬ್ರವರಿ 14ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ವಿಮಾನ ರನ್‌ವೇಗೆ ಸುಮಾರು 2,300 ಅಡಿ ಮೊದಲೇ ಈ ಹುಲ್ಲಿನ ಮೇಲೆ ನೆಲ ಮುಟ್ಟಿತು. ಪುಟಿದು, ಮಣ್ಣಿನ ದಿಬ್ಬಕ್ಕೆ ಬಡಿದು, ಹೊತ್ತಿ ಉರಿಯಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. ಮಂಜಿಲ್ಲ, ಮಳೆಯಿಲ್ಲ, ಹಾಡುಹಗಲು. ಏರ್‌ಬಸ್ ಎ-320 ಮಾದರಿ ಈ ಸಂಸ್ಥೆಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ.

ಆದದ್ದೇನು? ವಿಮಾನದ ಗಣಕ ಇಳಿಯುವ ಬಗೆಗಳಲ್ಲಿ ಒಂದಕ್ಕೆ ಹೊಕ್ಕಿತ್ತು. ಆ ಬಗೆಯಲ್ಲಿ ಎಂಜಿನ್ನುಗಳು ಕನಿಷ್ಠ ಶಕ್ತಿಗೆ ಇಳಿದುಬಿಡುತ್ತವೆ. ಇಳಿಯುವ ವೇಗ ನಿಗದಿ ಮಾಡುವ ಗುಂಡಿಯ ಬದಲು ಎತ್ತರದ ಗುಂಡಿ ತಿರುಗಿತೆಂಬುದು ವಿಚಾರಣೆಯಲ್ಲಿ ಹೊರಬಂದ ಊಹೆ. ವೇಗ ಕುಸಿಯುತ್ತಿದ್ದುದು ಚಾಲಕರ ಗಮನಕ್ಕೆ ಬರುವ ಹೊತ್ತಿಗೆ ತಡವಾಗಿತ್ತು. ಜೆಟ್ ಎಂಜಿನ್ ಬಸ್ಸಿನ ಎಂಜಿನ್ನಿನಂತಲ್ಲ, ತುಳಿದ ಕೂಡಲೇ ಎದ್ದು ಓಡುವುದಿಲ್ಲ. ಪೂರ್ಣ ಶಕ್ತಿಗೆ ಬರಲು ಕೆಲವು ಸೆಕೆಂಡು ಬೇಕು. ಯಂತ್ರದ ದನಿ ನಾನೂರು, ಮುನ್ನೂರು, ಇನ್ನೂರು ಎಂದು ಅಡಿಗಳನ್ನು ಎಣಿಸಿ ಕೂಗುತ್ತಲೇ ಇತ್ತು!

ಇಳಿಯುವ ದಾರಿಯ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ತ್ರಿಕೋನಮಿತಿ ಓದುವವರು ಲೆಕ್ಕ ಹಾಕಬಹುದು: ನೆಲ ಮುಟ್ಟುವ ಜಾಗಕ್ಕೆ ಒಂದು ಕಿಲೋಮೀಟರ್ ಇರುವಾಗ ಎತ್ತರ ಸುಮಾರು 52 ಮೀಟರ್. ಇದನ್ನು ಕಣ್ಣಿಗೆ ತೋರಿಸಲೆಂದೇ ರನ್‌ವೇ ಪಕ್ಕ ನಾಲ್ಕು ದೀಪಗಳ ಸಾಲು ಇರುತ್ತದೆ. ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಕೆಂಪಾದರೆ ವಿಮಾನ ತೀರ ಕೆಳಗೆ ಬಂದಿದೆ. ನಾಲ್ಕೂ ಬಿಳಿಯಾದರೆ ತೀರ ಮೇಲಿದೆ. ಮೇಲಿದ್ದರೂ ಅಪಾಯವೇ: ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರಂದು ಎತ್ತರದಿಂದ ಬಂದ ವಿಮಾನ ರನ್‌ವೇಯ ಬಹುಭಾಗ ದಾಟಿ ನೆಲ ಮುಟ್ಟಿ, ಕಣಿವೆಗೆ ಬಿದ್ದು 158 ಜನ ಸತ್ತರು.

ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಮಾರತಹಳ್ಳಿ ದಿಕ್ಕಿಗೆ ಹೋದರೆ 2001ರಲ್ಲಿ ತೆರೆದ ಎಚ್.ಎ.ಎಲ್. ವಸ್ತುಸಂಗ್ರಹಾಲಯ ಸಿಗುತ್ತದೆ. ಹಳೆಯ ವಿಮಾನಗಳು ಅಲ್ಲಿ ಅಂಗಳದಲ್ಲೇ ನಿಂತಿವೆ. ರಜೆಯಲ್ಲಿ ಬೆಂಗಳೂರಿಗೆ ಬರುವ ಮಕ್ಕಳಿಗೆ ಅರ್ಧ ದಿನ ಸಾಲದು.