ಶರಣರ ಪಂಕ್ತಿಯಲ್ಲಿ ಒಂದು ಸಂಜೆ

ಕಾರ್ತಿಕ ಮಾಸದ ಒಂದು ಸೋಮವಾರ ಬೆಳಿಗ್ಗೆ ನಾವು ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟಿದ್ದೆವು. ಅಲ್ಲಿಯ ರೈತ ಮಿತ್ರರೊಬ್ಬರು ತಮ್ಮ ಬಾಳೆಯ ತೋಟವನ್ನು ನೋಡಲು ಬಹುದಿನಗಳಿಂದ ಕರೆಯುತ್ತಿದ್ದರು. ತೋಟ ನೋಡಿಕೊಂಡು, ಸಂಜೆಗೆ ಹಿಂದಿರುಗಿ ಶ್ರೀ ಶರಣಬಸವೇಶ್ವರರ ದರ್ಶನ ಪಡೆಯಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ಬಸ್ಸು ಹೊರಡುವ ಹೊತ್ತಿಗೆ ಬೆನ್ನ ಮೇಲೆ ದೊಡ್ಡ ಚೀಲವನ್ನು ಹೊತ್ತ ತರುಣನೊಬ್ಬ ಓಡಿಬಂದು ಹತ್ತಿದ. "ತಮ್ಮಾ, ಆ ಗಂಟು ಕೆಳಗಿಡು, ಮಂದಿ ಹಾಯಬೇಕು" ಎಂದು ನಿರ್ವಾಹಕರು ಗದರಿದರಾದರೂ, ತಾವೇ ಅದನ್ನು ಇಳಿಸಿ ಚಾಲಕರ ಹಿಂಬದಿಯಲ್ಲಿ ಇರಿಸಿದರು. ತರುಣನು ನಮ್ಮ ಪಕ್ಕದಲ್ಲಿ ಕುಳಿತ.

ಆತ ಮೈಸೂರಿನ ಕಡೆಯವನು. ವಯಸ್ಸು ಇಪ್ಪತ್ತಮೂರು. ಓದು ಮುಗಿಸಿ, ಒಂದು ವರ್ಷ ದುಡಿದು ಕೂಡಿಟ್ಟ ಹಣದಲ್ಲಿ ನಾಡನ್ನು ನೋಡಲು ಒಬ್ಬನೇ ಹೊರಟಿದ್ದ. ಬಸ್ಸು ಸಿಕ್ಕ ಕಡೆಗೆ ಪಯಣ, ಸ್ಥಳ ದೊರೆತಲ್ಲಿ ವಸತಿ. ಹಿಂದಿನ ದಿನವೆಲ್ಲ ಕಲಬುರಗಿಯ ಕೋಟೆಯಲ್ಲಿ ಕಳೆದಿದ್ದನಂತೆ. 1347ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿದಾಗ ಈ ಊರೇ ಅದರ ರಾಜಧಾನಿಯಾಯಿತು. ಕೋಟೆಯೊಳಗಿನ 1367ರ ಜಾಮಾ ಮಸೀದಿಗೆ ಎಲ್ಲ ಮಸೀದಿಗಳಂತೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡವೇ ಗುಮ್ಮಟಗಳಡಿಯ ಮಂಟಪ. ಅದರ ಕಮಾನುಗಳ ಸಾಲನ್ನು ಆತ ವರ್ಣಿಸಿದ ರೀತಿ ನಮಗೆ ಸಂತೋಷ ತಂದಿತು. 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ದರ್ಗಾಕ್ಕೂ ಹೋಗಿದ್ದನು. ಅಲ್ಲಿ ಹೂ ಮಾರುವ ವೃದ್ಧರೊಬ್ಬರು ಚಿಲ್ಲರೆ ಇಲ್ಲವೆಂದು ಹೂವನ್ನು ಹಾಗೆಯೇ ಕೊಟ್ಟು ಕಳಿಸಿದರೆಂದೂ, ಅವರ ಉರ್ದು ಬೆರೆತ ಕನ್ನಡ ತನಗೆ ಅರ್ಧ ಮಾತ್ರ ತಿಳಿಯಿತೆಂದೂ ಹೇಳಿ ನಕ್ಕನು.

ಮಾತು ಚೆನ್ನಾಗಿ ಸಾಗಿದ್ದಿತು. ಆಗ ನಾವು, ಈ ಭಾಗದ ವಾಡಿಕೆಯಂತೆ, "ಅಡ್ಡಹೆಸರೇನಪ್ಪಾ?" ಎಂದು ಕೇಳಿದೆವು. "ನಮ್ಮ ಕಡೆ ಅಡ್ಡಹೆಸರಿಲ್ಲ ಸರ್. ತಂದೆಯ ಹೆಸರಿನ ಮೊದಲಕ್ಷರ ಅಷ್ಟೆ" ಎಂದನು. ನಾವು ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ಹೋಗಲಿ, ಮನೆದೇವರು ಯಾರು?" ಎಂದೆವು. ಆತ ಮುಗುಳ್ನಕ್ಕು ಕಿಟಕಿಯ ಹೊರಗೆ ನೋಡತೊಡಗಿದ. ಪ್ರಶ್ನೆ ಕೇಳಿಸಿರಲಿಕ್ಕಿಲ್ಲವೆಂದು ನಾವು ಸಮಾಧಾನ ಮಾಡಿಕೊಂಡೆವು.

ಹೊರಗೆ ಕಪ್ಪು ನೆಲದ ಮೇಲೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕಮಲಾಪುರದ ಕೆಂಪು ಬಾಳೆಗೂ ಆ ಗೌರವವುಂಟು. ಹುಮನಾಬಾದಿನ ದಾರಿಯಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ಕಮಲಾಪುರ. ಅದರ ಸುತ್ತಲಿನ ತಗ್ಗು ಪ್ರದೇಶದಲ್ಲಿ, ರಾಜನಾಳ, ನಾವನಿಹಾಳ ಮುಂತಾದ ಊರುಗಳಲ್ಲಿ ಈ ಬಾಳೆ ಬೆಳೆಯುತ್ತದೆ. ಸಿಪ್ಪೆ ಕೆಂಪು, ತಿರುಳು ಕೆನೆಯ ಬಣ್ಣ, ಪರಿಮಳವೇ ಬೇರೆ. ಬೆಲೆ ಹೆಚ್ಚಾದುದರಿಂದ ಸಿರಿವಂತರ ಹಣ್ಣೆಂದು ಹೆಸರಾಗಿದೆ.

ತರುಣನು ನೋಡಹೊರಟಿದ್ದುದೂ ಈ ಬಾಳೆಯನ್ನೇ ಎಂದು ತಿಳಿದು, ಆತನನ್ನೂ ಮಿತ್ರರ ತೋಟಕ್ಕೆ ಕರೆದೊಯ್ದೆವು. "ಬ್ಯಾರೆ ಬಾಳಿಗಿಂತ ಇದಕ ಹೆಚ್ಚಿನ ದಿನ ಕಾಯಬೇಕ್ರಿ. ಒಂದೂವರಿ ವರ್ಷ ನೀರು, ಗೊಬ್ಬರ, ಆಳು ಎಲ್ಲಾ ಹಾಕಿ, ಕಡೀಕ ಗಾಳಿ ಬಂದು ಕೆಡವಿದರ ಏನೂ ಇಲ್ಲ" ಎಂದು ಮಿತ್ರರು ಹೇಳಿದರು. ಹಿಂದೆ ಇದನ್ನೇ ಬೆಳೆಯುತ್ತಿದ್ದ ಅವರ ನೆರೆಯವರು ಕೆಲವರು ಬೇಗ ಕೈಗೆ ಬರುವ ಬೆಳೆಗಳಿಗೆ ತಿರುಗಿದ್ದಾರಂತೆ. ಇವರು ಮಾತ್ರ ತಂದೆಯವರು ಹಚ್ಚಿದ ಬೆಳೆಯೆಂಬ ಮಮತೆಯಿಂದ ಒಂದು ಎಕರೆಯನ್ನು ಉಳಿಸಿಕೊಂಡಿದ್ದಾರೆ.

ಅಷ್ಟರಲ್ಲಿ ಅವರ ತಾಯಿ ಮನೆಯಿಂದ ಹೊರಬಂದರು. ಆ ತಾಯಿ ತರುಣನನ್ನು ಕೇಳಿದ್ದು ಮೂರೇ ಪ್ರಶ್ನೆ. "ಯಾವೂರಪ್ಪಾ?" "ಉಂಡೀಯೇನು?" "ಮೈಸೂರ ಭಾಳ ದೂರ ಅದ. ನಿಮ್ಮವ್ವಗ ಫೋನ್ ಮಾಡೀದಿಯೇನು?" ಮೂರನೆಯದಕ್ಕೆ ಆತ ತಲೆ ತಗ್ಗಿಸಿದ. "ಮೊದಲ ಮಾತಾಡು, ಆಮ್ಯಾಲ ಊಟ" ಎಂದು ಅವರು ಅಲ್ಲಿಯೇ ನಿಂತರು. ಮಗನ ದನಿ ಕೇಳಿ ಆ ಕಡೆಯ ತಾಯಿಗೆ ಎಷ್ಟು ಹಿಗ್ಗಾಗಿರಬೇಕು! ಬಳಿಕ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಹೊರಡುವಾಗ ಮಿತ್ರರು ಒಂದು ಚಿಪ್ಪು ಕೆಂಪು ಬಾಳೆಯನ್ನು ಆತನ ಚೀಲಕ್ಕೆ ಹಾಕಿದರು. ಆತ ಹಣ ತೆಗೆದಾಗ, "ತಮ್ಮಾ, ಹಣ್ಣು ಮಾರೂದು ಪ್ಯಾಟ್ಯಾಗ. ಮನಿಗಿ ಬಂದವರಿಗಿ ಮಾರ್ತಾರೇನು?" ಎಂದುಬಿಟ್ಟರು.

ಸಂಜೆ ಕಲಬುರಗಿಗೆ ಹಿಂದಿರುಗಿ ಇಬ್ಬರೂ ಶರಣರ ದೇವಸ್ಥಾನಕ್ಕೆ ಹೋದೆವು. ಸೋಮವಾರವಾದ್ದರಿಂದ ಜನ ಕಿಕ್ಕಿರಿದಿದ್ದರು. ಪಕ್ಕದ ಕೆರೆಯ ಮೇಲಿಂದ ತಂಪುಗಾಳಿ ಬೀಸುತ್ತಿತ್ತು. ಮೆಟ್ಟಿಲ ಮೇಲೆ ಕುಳಿತು ನಾವು ಆತನಿಗೆ ಶರಣರ ಚರಿತ್ರೆಯನ್ನು ಹೇಳಿದೆವು. ಶರಣಬಸವೇಶ್ವರರು 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಹೊಲದ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಅವರು ಕವಣೆ ಬೀಸಿ ಓಡಿಸಲಿಲ್ಲ. ತಿಂದು ದಣಿದ ಹಕ್ಕಿಗಳಿಗೆ ಕುಡಿಯಲು ನೀರಿಟ್ಟರೆಂದು ಈ ನಾಡಿನ ಜನ ಇಂದಿಗೂ ಹೇಳುತ್ತಾರೆ. ಬಂದವರಿಗೆ ಉಣಿಸುವುದೇ ಅವರ ಪೂಜೆಯಾಯಿತು. ಮುಂದೆ ಕಲಬುರಗಿಗೆ ಬಂದು ದಾಸೋಹವನ್ನು ಬೆಳೆಸಿ, 1822ರಲ್ಲಿ ಇಲ್ಲಿಯೇ ಲಿಂಗೈಕ್ಯರಾದರು. ಅವರ ಗದ್ದುಗೆಯ ಮೇಲೆ ಈ ದೇವಾಲಯ ಎದ್ದು ನಿಂತಿದೆ. ಗರ್ಭಗುಡಿಯಲ್ಲಿ ಗುರು ಮತ್ತು ಶಿಷ್ಯರ ಎರಡು ಮುಖಗಳು ಜೊತೆಜೊತೆಯಾಗಿವೆ. ಹೋಳಿಹುಣ್ಣಿಮೆಯ ಬಳಿಕ ಇಲ್ಲಿ ರಥೋತ್ಸವ ಜರುಗುವಾಗ ಊರಿಗೆ ಊರೇ ಬಂದು ಸೇರುತ್ತದೆ. 2025ರ ಆಗಸ್ಟಿನಲ್ಲಿ ಎಂಟನೆಯ ಮಹಾದಾಸೋಹ ಪೀಠಾಧಿಪತಿಗಳಾದ ಡಾ. ಶರಣಬಸವಪ್ಪ ಅಪ್ಪ ಅವರು ಲಿಂಗೈಕ್ಯರಾದಾಗ ಈ ಅಂಗಳ ಕಣ್ಣೀರಿನಿಂದ ತೊಯ್ದಿತು.

ದರ್ಶನ ಮುಗಿಸಿ ಪ್ರಸಾದಕ್ಕೆ ಕುಳಿತೆವು. ತರುಣನ ಎಡಕ್ಕೆ ನಾವು. ಬಲಕ್ಕೆ ಸುಣ್ಣದ ಕೈಯ ಗೌಂಡಿಯೊಬ್ಬರು. ಅವರಾಚೆ ಕಾಲೇಜಿನ ಹುಡುಗಿಯರು. ಬಡಿಸುವವರು ಯಾರ ಮುಖವನ್ನೂ ನೋಡಲಿಲ್ಲ. ತಟ್ಟೆಯನ್ನು ಮಾತ್ರ ನೋಡುತ್ತಿದ್ದರು, ಅದು ಬರಿದಾಗಿದೆಯೇ ಎಂದು. ಉಂಡೆದ್ದ ತರುಣನು ತಾನಾಗಿಯೇ ನೀರಿನ ತಂಬಿಗೆ ಹಿಡಿದು ಮುಂದಿನ ಪಂಕ್ತಿಗೆ ನೀರು ಬಡಿಸಿ ಬಂದ.

ಕೆರೆಯ ದಂಡೆಯಲ್ಲಿ ಬೀಳ್ಕೊಳ್ಳುವಾಗ ಆತ ಮೆಲ್ಲಗೆ ಹೇಳಿದ: "ಸರ್, ತಪ್ಪು ತಿಳಿಯಬೇಡಿ. ಬೆಳಿಗ್ಗೆ ನೀವು ಮನೆದೇವರು ಕೇಳಿದಿರಿ. ದಾರಿಯಲ್ಲಿ ಒಂದೆರಡು ಕಡೆ ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಒಳಗೆ ಕರೆದವರು ಹೊರಗೇ ಕೂರಿಸಿದರು. ಅದಕ್ಕೇ ಈಗ ಹೇಳುವುದಿಲ್ಲ. ಈ ಊರಿಗೆ ಬಂದ ಮೇಲೆ ಅದನ್ನು ಕೇಳಿದವರು ನೀವೊಬ್ಬರೇ." ಮಾತಿನಲ್ಲಿ ಸಿಟ್ಟಿರಲಿಲ್ಲ. ನಮ್ಮ ಕಾಲು ಮುಟ್ಟಿ ನಮಸ್ಕರಿಸಿ, ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನಮ್ಮ ಕೈಯಲ್ಲಿಟ್ಟು ಹೊರಟುಹೋದ.

ನಾವು ಬಹಳ ಹೊತ್ತು ಅಲ್ಲಿಯೇ ಕುಳಿತೆವು. ನಾವು ಬೆಳೆದದ್ದು ಮಠದ ಪ್ರಸಾದನಿಲಯದಲ್ಲಿ. ಜೋಳಿಗೆ ಹಿಡಿದು ಕಂತೀಭಿಕ್ಷೆಗೆ ಹೋದ ಬಾಲಕರಲ್ಲಿ ನಾವೂ ಒಬ್ಬರು. ರೊಟ್ಟಿ ನೀಡಿದ ಯಾವ ತಾಯಿಯೂ ನಮ್ಮ ಮನೆದೇವರನ್ನು ಕೇಳಿರಲಿಲ್ಲ. ಆ ಅನ್ನದಿಂದ ಶಾಸ್ತ್ರ ಕಲಿತು, ಎಷ್ಟೋ ವೇದಿಕೆಗಳಲ್ಲಿ ದಾಸೋಹವನ್ನು ಕುರಿತು ಉಪನ್ಯಾಸ ಮಾಡಿದ್ದೇವೆ. ದಾಸೋಹವೆಂದರೆ "ನಾನು ದಾಸನು" ಎಂಬ ಭಾವವೆಂದು ಪದಚ್ಛೇದ ಮಾಡಿ ವಿವರಿಸಿದ್ದೇವೆ. ದಾಸನಾದವನಿಗೆ ಎದುರಿನವನ ಕುಲವನ್ನು ಅಳೆಯುವ ಅಧಿಕಾರವೆಲ್ಲಿಂದ ಬಂದೀತು? ಕೆಡುಕು ಮಾಡುವ ಬಯಕೆ ನಮಗಿರಲಿಲ್ಲ, ನಿಜ. ಸಲುಗೆ ಬೆಳೆಸುವ ಮಾತೆಂದೇ ಕೇಳಿದ್ದೆವು. ಆದರೆ ಆ ಮಾತಿನ ಗಾಯ ಕೇಳುವವನಿಗೆ ಕಾಣದು, ಉತ್ತರಿಸುವವನಿಗೇ ಗೊತ್ತು.

ಶರಣ ಬಂಧುಗಳೇ, ಕಲಬುರಗಿಗೆ ಬಂದಾಗ ದೇವಸ್ಥಾನಕ್ಕೆ ಸಂಜೆಯ ಹೊತ್ತು ಮಕ್ಕಳೊಡನೆ ಹೋಗಿರಿ. ದರ್ಶನವಾದ ಮೇಲೆ ಅವಸರಪಡದೆ ಪಂಕ್ತಿಯಲ್ಲಿ ಕುಳಿತುಕೊಳ್ಳಿರಿ. ಪಕ್ಕದಲ್ಲಿ ಯಾರೇ ಕುಳಿತಿರಲಿ, ಅವರನ್ನು ಕೇಳಬೇಕಾದ ಪ್ರಶ್ನೆಗಳು ಯಾವುವೆಂಬುದನ್ನು ಕಮಲಾಪುರದ ಆ ತಾಯಿ ನಮಗೆ ಕಲಿಸಿದ್ದಾರೆ. ಅವು ಮೂರೇ. ನಾಲ್ಕನೆಯದನ್ನು ನಾವು ಅಂದಿನಿಂದ ಬಿಟ್ಟಿದ್ದೇವೆ.