ಮಾಲ್ಟಾದಲ್ಲಿ ನಾಲ್ಕು ದಿನ

ಇಟಲಿಯ ಸಿಸಿಲಿಗೆ ದಕ್ಷಿಣದಲ್ಲಿರುವ ಮಾಲ್ಟಾ ದ್ವೀಪದ ಉದ್ದ ಸುಮಾರು 27 ಕಿಲೋಮೀಟರು, ಅಷ್ಟೆ. "ಇಷ್ಟಕ್ಕೆ ನಾಲ್ಕು ದಿನ ಯಾಕೆ?" ಅಂದರು ನಮ್ಮವರು. ಅವರಿಗೆ ಕೋಟೆ, ಮಕ್ಕಳಿಗೆ ಸಮುದ್ರ ಬೇಕು. ಮಂಡಿನೋವಿನ ಅತ್ತೆಗೆ ಮೆಟ್ಟಿಲು ಬೇಡ. ಪೆನ್ಸಿಲು ಹಿಡಿದು ಪಟ್ಟಿ ಮಾಡಲು ಕೂತೆ.

ಮೊದಲ ದಿನ, 1566ರಲ್ಲಿ ಕಟ್ಟಲಾರಂಭಿಸಿದ ಕೋಟೆ ನಗರ ವಾಲೆಟ್ಟಾ. ಬಂದರಿನಿಂದ ಮೇಲಿನ ಉದ್ಯಾನಕ್ಕೆ ಲಿಫ್ಟ್ ಇದೆ, ಅತ್ತೆ ಗೆದ್ದರು! ಮರುದಿನ ಮಕ್ಕಳಿಗಾಗಿ ಮರಳಿನ ತೀರ. ಮೂರನೆಯ ದಿನ ಪಕ್ಕದ ಗೋಜೋ ದ್ವೀಪ. ಹಡಗಿನಲ್ಲಿ ಸುಮಾರು 25 ನಿಮಿಷ. ತಿನ್ನಲು ಬಟಾಣಿ ಹೂರಣದ ಗರಿಗರಿ ಪಾಸ್ತಿಜ್ಜಿ ಸಿಗುತ್ತದೆ. ಹಿಟ್ಟಿಗೆ ಹಂದಿಕೊಬ್ಬು ಹಾಕುವುದೂ ಉಂಟು, ಸಸ್ಯಾಹಾರಿಗಳು ಕೇಳಿಯೇ ತಿನ್ನಿ.

ನನ್ನ ಆಸೆಯೊಂದಿತ್ತು: ಐದು ಸಾವಿರ ವರ್ಷ ಹಿಂದೆ ಬಂಡೆ ಕೊರೆದು ಮಾಡಿದ ನೆಲದಡಿಯ ಸಮಾಧಿ, ಹೈಪೋಜಿಯಂ. ಅದನ್ನು ಪಟ್ಟಿಯ ಕೊನೆಗೆ ಬರೆದೆ. ಒಂದು ಸರದಿಗೆ ಹತ್ತೇ ಜನರನ್ನು ಬಿಡುತ್ತಾರಂತೆ. ನಾನು ಕೇಳುವಷ್ಟರಲ್ಲಿ ಟಿಕೆಟ್ ಮುಗಿದಿತ್ತು. ನಾಲ್ಕನೆಯ ದಿನ ಹಜಾರ್ ಇಮ್ ಎಂಬ ಪುರಾತನ ಕಲ್ಲಿನ ಗುಡಿ ನೋಡಿ ಸಮಾಧಾನಪಟ್ಟುಕೊಂಡೆ.

ಹೋಗುವವರು ಆ ಟಿಕೆಟ್ಟನ್ನು ವಾರಗಳ ಮೊದಲೇ ಕೊಳ್ಳಿ. ಪಟ್ಟಿಯಲ್ಲಿ ನಿಮ್ಮ ಆಸೆಯನ್ನೂ ಮೊದಲೇ ಬರೆದುಬಿಡಿ, ಅಕ್ಕಂದಿರೇ.