ಹಡಗಿನ ಹೊಟ್ಟೆಯ ನೀರು

ಸರಕಿಲ್ಲದ ಹಡಗು ಓಲಾಡದಿರಲೆಂದು ಅದರ ತೊಟ್ಟಿಗಳಿಗೆ ನೀರು ತುಂಬುತ್ತಾರೆ. ಸರಕು ಹೇರುವ ಬಂದರಿನಲ್ಲಿ ಹೊರಚೆಲ್ಲುತ್ತಾರೆ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸೀಮೆಯ ಜೀಬ್ರಾ ಮಸೆಲ್ ಎಂಬ ಪಟ್ಟೆಪಟ್ಟೆಯ ಪುಟ್ಟ ಚಿಪ್ಪುಜೀವಿ ಉತ್ತರ ಅಮೆರಿಕದ ಮಹಾಸರೋವರಗಳಿಗೆ ಬಂದದ್ದು ಹೀಗೆ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಣ್ಣಿಗೆ ಬಿತ್ತು. ಆಮೇಲೆ ಕುಡಿಯುವ ನೀರಿನ ಕೊಳವೆಗಳಲ್ಲಿ ಕಟ್ಟಿಕೊಂಡಿತು, ಮೀನುಗಳ ಬದುಕಿಗೆ ಬುಡವಾದ ಸೂಕ್ಷ್ಮ ಪಾಚಿಯನ್ನೆಲ್ಲ ಸೋಸಿ ತಿಂದಿತು. ನೀರೇನೋ ತಿಳಿಯಾಯಿತು. ನೋಡಿದವರು ಹಿಗ್ಗಿದರೆ ತಪ್ಪಿಲ್ಲ, ಮೀನುಗಳಿಗೆ ಮಾತ್ರ ಅದು ಬರಗಾಲ.

ತಡೆಯುವ ದಾರಿ ಸರಳ: ಸರೋವರಕ್ಕೆ ಬರುವ ಮುನ್ನ ನಡುಸಮುದ್ರದಲ್ಲೇ ತೊಟ್ಟಿಗಳನ್ನು ಉಪ್ಪುನೀರಿನಿಂದ ತೊಳೆಯುವುದು. ಸಿಹಿನೀರಿನ ಜೀವಿಗಳು ಬಹುತೇಕ ಅಲ್ಲೇ ಸಾಯುತ್ತವೆ. ಕೆನಡಾ 2006ರಲ್ಲಿ, ಅಮೆರಿಕ 2008ರಲ್ಲಿ ಇದನ್ನು ಕಡ್ಡಾಯ ಮಾಡಿದ ಮೇಲೆ ಹಡಗಿನ ನೀರಿನಲ್ಲಿ ಹೊಸ ಜೀವಿಗಳು ಬರುವುದು ತೀರಾ ವಿರಳವಾಯಿತು. ಆಗಲೇ ಒಳಗೆ ಬಂದು ನೆಲೆಸಿದ ಮಸೆಲನ್ನು ಮಾತ್ರ ಯಾವ ಕಾನೂನೂ ಹೊರಗೆ ಕಳಿಸಲಾರದು.